ಆಯಿಯ ಪದಕ್ಕೆ ಅಡ್ಡ ಬಂತು ಕೋಲಿನ ಗುಡುಗುಡು

ಅಕ್ಕಲಕೋಟ: ಬೀಸುಕಲ್ಲಿನ ಮುಂದೆ ಕೂತ ಆಯಿ ಒಂದೇ ಸಮನೆ ಹದಿನಾಲ್ಕು ಪದ ಹಾಡಿದರು. ಸುತ್ತ ನಿಂತ ಹುಡುಗರು ಕೆಮ್ಮು ಬಂದರೂ ತಡೆದುಕೊಂಡರು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಎಲ್ಲ ಸರಿಯಾಯಿತು ಎಂದುಕೊಂಡು ರಾತ್ರಿ ಮನೆಗೆ ಬಂದು ಹೆಡ್‌ಫೋನ್ ಹಾಕಿ ಕೇಳಿದರೆ ಪದಕ್ಕಿಂತ ಮೊದಲು ಕೇಳಿದ್ದು ಗುಡುಗುಡು!

ಹೌದು, ಮೋಡ ಗುಡುಗಿರಲಿಲ್ಲ, ಬೀಸುಕಲ್ಲಿನ ಸದ್ದೂ ಅದಲ್ಲ. ಮೈಕ್ ಕಟ್ಟಿದ ಉದ್ದನೆಯ ಕೋಲನ್ನು ಹಿಡಿದಿದ್ದವರ ಬೆರಳು ಸರಿದಾಗಲೆಲ್ಲ ಹುಟ್ಟಿದ ಸದ್ದು ಅದು. ಕೋಲು ಹಿಡಿದಿದ್ದು ಬೇರೆ ಯಾರೂ ಅಲ್ಲ, ಈ ವರದಿಗಾರನೇ.

ತಾಲೂಕಿನ ಗಡಿ ಹಳ್ಳಿಯೊಂದರ ನಾಲ್ಕು ಮಂದಿ ಕಾಲೇಜು ಹುಡುಗರು ಊರಿನ ಹಿರಿಯರ ಬೀಸುವ ಪದ, ಸೋಬಾನೆ ಪದ, ಜೋಗುಳಗಳನ್ನು ಧ್ವನಿಮುದ್ರಿಸಿ ಇಡುವ ಕೆಲಸಕ್ಕೆ ಕೈಹಾಕಿದ್ದಾರೆ. ಊರಿಗೆ ಹಿಟ್ಟಿನ ಗಿರಣಿ ಬಂದು ದಶಕಗಳಾದವು. ಬೀಸುಕಲ್ಲು ಈಗ ಮದುವೆಯ ಅರಿಶಿನ ಬೀಸಲು ಮಾತ್ರ ಹೊರಗೆ ಬರುತ್ತದೆ. ಕಲ್ಲಿನ ಜೊತೆ ಪದವೂ ಮೂಲೆ ಸೇರಿತು. ಮರಾಠಿಯವರು ಆಯಿ ಅಂದರೆ ತಾಯಿ, ನಮ್ಮ ಕಡೆ ಆಯಿ ಅಂದ್ರ ಅಜ್ಜಿ. ಎಂಬತ್ತರ ಆಸುಪಾಸಿನ ಈ ಆಯಿಯ ಒಂದು ಪದದಲ್ಲಿ ಸೊನ್ನಲಿಗೆಯ ಸಿದ್ಧರಾಮ ಬಂದರೆ, ಇನ್ನೊಂದರಲ್ಲಿ ಗುಡ್ಡಾಪುರದ ದಾನಮ್ಮ, ಮತ್ತೊಂದರಲ್ಲಿ ಪಂಢರಪುರದ ವಿಠ್ಠಲ. ಮೂವರೂ ಒಂದೇ ಕಲ್ಲಿನಲ್ಲಿ ಬೀಸಿ ಬರುತ್ತಾರೆ.

ಮಹಾರಾಷ್ಟ್ರದ ಮರಾಠಿ ಓವಿಗಳಿಗೆ ಈ ವಿಷಯದಲ್ಲಿ ಭಾಗ್ಯ ಇತ್ತು. ಪುಣೆಯ ಹೇಮಾ ರಾಯರಕರ ಹಾಗೂ ಗಿ ಪೊಯಟವಾಂ ಅವರು ಹಳ್ಳಿ ಹಳ್ಳಿ ತಿರುಗಿ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಹಾಡುಗಳನ್ನು ಕಲೆಹಾಕಿದ್ದರು. ಅವುಗಳಲ್ಲಿ ಧ್ವನಿಮುದ್ರಣವಾದವನ್ನು 2017ರಿಂದ ‘ಪರಿ’ ಸಂಸ್ಥೆ ಜಗತ್ತಿಗೇ ಕೇಳಿಸುತ್ತಿದೆ. ‘ಅವರ ಓವಿ ಉಳದಾವ, ನಮ್ಮ ಆಯಿ ಪದ ಯಾಕ ಉಳೀಬಾರದು?’ ಎಂಬುದು ಹುಡುಗರ ಪ್ರಶ್ನೆ. ಪ್ರಶ್ನೆ ಸರಿ. ಆದರೆ ಉಳಿಸುವ ಕೆಲಸ ಒಂದು ಸಣ್ಣ ರಬ್ಬರಿನ ಮೇಲೆ ನಿಂತಿದೆ ಎಂಬುದು ಅಂದು ಯಾರಿಗೂ ಗೊತ್ತಿರಲಿಲ್ಲ.

ಕೋಲೇ ಯಾಕೆ ಬೇಕು?

ಮೈಕನ್ನು ನೆಲದ ಮೇಲಿನ ಸ್ಟ್ಯಾಂಡಿಗೆ ಸಿಗಿಸಿದರೆ ಸಾಕಲ್ಲ ಎಂದು ಕೇಳಬಹುದು. ಮೊದಲು ಮಾಡಿದ್ದೂ ಅದನ್ನೇ. ಬೀಸುಕಲ್ಲು ತಿರುಗಿದಂತೆ ಮಣ್ಣಿನ ನೆಲ ಅದುರುತ್ತದೆ, ಆ ಅದುರು ಸ್ಟ್ಯಾಂಡಿನ ಕಾಲು ಹತ್ತಿ ಮೈಕಿಗೆ ಬರುತ್ತದೆ. ಮೇಲಾಗಿ ಬೀಸುವವರು ಸುಮ್ಮನೆ ಕೂತಿರುವುದಿಲ್ಲ. ಕೈಯ ಜೊತೆ ಮೈಯೂ ಮುಂದೆ ಹಿಂದೆ ತೂಗುತ್ತದೆ, ಬಾಯಿ ಒಮ್ಮೆ ಮೈಕಿನ ಹತ್ತಿರ, ಒಮ್ಮೆ ದೂರ.

ಆದ್ದರಿಂದ ಸಿನಿಮಾದವರು ಮಾಡುವಂತೆ ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿ, ಹಾಡುವವರ ಹಣೆಯ ಮೇಲೆ ಒಂದೂವರೆ ಎರಡು ಅಡಿ ಎತ್ತರದಲ್ಲಿ ಹಿಡಿಯುವುದು. ಮೈಕಿನ ಮೂತಿ ಎದೆಯ ಕಡೆ. ಆಯಿ ಬಾಗಿದರೆ ಕೋಲೂ ಬಾಗುತ್ತದೆ. ಇದಕ್ಕೇ ಬೂಮ್ ಎನ್ನುತ್ತಾರೆ. ನೆಲದ ಅದುರು ತಪ್ಪಿತು. ಆದರೆ ಅದರ ಜಾಗಕ್ಕೆ ಕೈಯ ಅದುರು ಬಂತು!

ಕೋಲು ಅಂದರೆ ಟೊಳ್ಳು ಕೊಳವೆ. ಬೆರಳು ಸರಿದರೆ, ಉಗುರು ತಾಗಿದರೆ, ಕೋಲಿನ ಕೀಲು ಸಡಿಲಿದ್ದರೆ, ಒಳಗೆ ಅಥವಾ ಹೊರಗೆ ಕೇಬಲ್ ಬಡಿದರೆ ಆ ನಡುಕ ಕೋಲಿನ ಉದ್ದಕ್ಕೂ ಓಡಿ ಮೈಕಿನ ಮೈಗೆ ತಲಪುತ್ತದೆ. ಮೈಕಿನ ಒಳಗೆ ಕಾಗದಕ್ಕಿಂತ ತೆಳುವಾದ ಒಂದು ಪರದೆ ಇದೆ. ಗಾಳಿಯ ಸದ್ದು ಬಂದಾಗ ಮೈ ನಿಂತಲ್ಲೇ ನಿಂತು ಪರದೆ ಅಲುಗುತ್ತದೆ. ಕೋಲು ನಡುಗಿದಾಗ ಮೈ ಅಲುಗುತ್ತದೆ, ಪರದೆ ಹಿಂದೆ ಬೀಳುತ್ತದೆ. ಮೈಕಿಗೆ ಎರಡೂ ಒಂದೇ. ಅದು ಎರಡನ್ನೂ ಸದ್ದು ಎಂದೇ ಬರೆದುಕೊಳ್ಳುತ್ತದೆ.

ಸುತ್ತಲಿನ ಸದ್ದು ಬಿಟ್ಟು ಎದುರಿನದನ್ನೇ ಹಿಡಿಯುವ ಉದ್ದ ಮೈಕುಗಳಿಗೆ ಈ ಕಾಟ ಇನ್ನೂ ಜಾಸ್ತಿ. ಎಲ್ಲ ದಿಕ್ಕಿನ ಸದ್ದು ಹಿಡಿಯುವ ಮೈಕಿಗೆ ಹೋಲಿಸಿದರೆ ಅವು ನಡುಕಕ್ಕೂ ಗಾಳಿಗೂ ಬೇಗ ಬೆಚ್ಚುತ್ತವೆ.

ಜೋಳಿಗೆಯ ಲೆಕ್ಕ

ಇದಕ್ಕೆ ಮದ್ದು ಶಾಕ್ ಮೌಂಟ್. ಮೈಕನ್ನು ಕೋಲಿಗೆ ನೇರ ಬಿಗಿಯದೆ ರಬ್ಬರ್ ಅಥವಾ ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ತೂಗುಹಾಕುವ ಚೌಕಟ್ಟು. ನಮ್ಮ ಮನೆಗಳಲ್ಲಿ ತೊಲೆಗೆ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಳಿಗೆಯನ್ನು ನೆನೆಸಿಕೊಳ್ಳಿ. ಮಾಳಿಗೆಯ ಮೇಲೆ ಯಾರಾದರೂ ಧಡಧಡ ನಡೆದರೆ ತೊಲೆ ನಡುಗುತ್ತದೆ, ಕೂಸು ಏಳುವುದಿಲ್ಲ. ಆದರೆ ಜೋಳಿಗೆಯನ್ನು ಅದರ ತಾಳಕ್ಕೆ ಸರಿಯಾಗಿ ಮೆಲ್ಲಗೆ ತಳ್ಳುತ್ತಾ ಹೋದರೆ ತೂಗಾಟ ಹೆಚ್ಚುತ್ತಲೇ ಹೋಗುತ್ತದೆ.

ಶಾಕ್ ಮೌಂಟಿನ ಗುಟ್ಟೂ ಇಷ್ಟೇ. ಪ್ರತಿಯೊಂದು ತೂಗುವ ಮೈಕಿಗೂ ತನ್ನದೇ ತಾಳ ಇರುತ್ತದೆ. ಆ ತಾಳದ ಸುಮಾರು ಒಂದೂವರೆ ಪಟ್ಟಿಗಿಂತ ವೇಗದ ನಡುಕವನ್ನು ಅದು ತಡೆಯುತ್ತದೆ, ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಅದಕ್ಕಿಂತ ನಿಧಾನದ್ದನ್ನು ಹಾಗೆಯೇ ಬಿಡುತ್ತದೆ. ತಾಳಕ್ಕೆ ಸರಿಯಾಗಿ ಬಂದ ನಡುಕವನ್ನು ತಡೆಯುವ ಬದಲು ಹೆಚ್ಚಿಸುತ್ತದೆ.

ತಾಳ ನಿಧಾನವಾಗಬೇಕಾದರೆ ರಬ್ಬರ್ ಮೆತ್ತಗಿರಬೇಕು ಅಥವಾ ಮೈಕ್ ಭಾರವಿರಬೇಕು. ಇದನ್ನು ಅಳೆಯಲು ಯಂತ್ರ ಬೇಡ, ಶಾಲೆಯ ಅಳತೆಪಟ್ಟಿ ಸಾಕು. ಮೈಕ್ ತನ್ನ ಭಾರಕ್ಕೆ 1 ಸೆಂಟಿಮೀಟರ್ ಜಗ್ಗಿದರೆ ಅದರ ತಾಳ ಸೆಕೆಂಡಿಗೆ ಸುಮಾರು 5 ಸಲ. 4 ಮಿಲಿಮೀಟರ್ ಜಗ್ಗಿದರೆ ಸುಮಾರು 8. 1 ಮಿಲಿಮೀಟರ್ ಮಾತ್ರ ಜಗ್ಗಿದರೆ ಸುಮಾರು 16. ಕಣ್ಣಿಗೆ ಕಾಣದಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಜಗ್ಗಿದರೆ 50.

ಬೆರಳಿನ ಗುಡುಗುಡುವಿನಲ್ಲಿ ಸೆಕೆಂಡಿಗೆ ಐವತ್ತು ಸಲದ ಆಸುಪಾಸಿನ ನಡುಕ ಬೇಕಾದಷ್ಟಿರುತ್ತದೆ. 4 ಮಿಲಿಮೀಟರ್ ಜಗ್ಗುವ ಮೌಂಟು ಅದನ್ನು ಲೆಕ್ಕದ ಪ್ರಕಾರ ಸುಮಾರು ನಲವತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಜಗ್ಗದ ಮೌಂಟು ಅದನ್ನೇ ಹೆಚ್ಚು ಮಾಡಿ ಮೈಕಿಗೆ ಒಪ್ಪಿಸುತ್ತದೆ! ನಿಜವಾದ ರಬ್ಬರು ಲೆಕ್ಕದಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲವಾದರೂ ದಿಕ್ಕು ಇದೇ.

ಆನೆಯ ಸರಪಳಿಗೆ ಕುರಿಮರಿ

ನಮ್ಮ ಎಡವಟ್ಟು ಆಗಿದ್ದು ಇಲ್ಲೇ. ಹುಡುಗರು ಹಣ ಕೂಡಿಸಿ ಕೊಂಡಿದ್ದು ರೋಡ್ ಎನ್‌ಟಿಜಿ2 ಎಂಬ ಉದ್ದ ಮೈಕ್. ತೂಕ 161 ಗ್ರಾಂ, ದಪ್ಪ 22 ಮಿಲಿಮೀಟರ್. ಒಂದು ಪೆನ್ಸಿಲ್ ಸೆಲ್ಲಿನಲ್ಲೂ ನಡೆಯುವುದರಿಂದ ಕರೆಂಟು ಹೋದರೂ ಚಿಂತೆಯಿಲ್ಲ. ಅದಕ್ಕೆ ಶಾಕ್ ಮೌಂಟ್ ಬೇಕೆಂದು ಅಂಗಡಿಗೆ ಹೋದಾಗ ಎದುರಿಗೆ ಕಂಡ, ನೋಡಲು ಗಟ್ಟಿಮುಟ್ಟಾದ, ಜೇಡರ ಬಲೆಯಂತೆ ದಾರ ಕಟ್ಟಿದ ಮೌಂಟೊಂದನ್ನು 650 ರೂಪಾಯಿ ಕೊಟ್ಟು ತಂದೆವು. ಮೈಕ್ ಅದರಲ್ಲಿ ಸಡಿಲವಾಯಿತು. ಫೋಮ್ ಸುತ್ತಿ ಬಿಗಿಯಾಗಿ ಕೂರಿಸಿದೆವು. ಅಲುಗಲೇ ಇಲ್ಲ. ‘ಏಕದಮ್ ಫಿಟ್ ಆತು’ ಎಂದು ಖುಷಿಪಟ್ಟೆವು.

ಗುಡುಗುಡು ಕೇಳಿದ ಮೇಲೆ ಸೊಲ್ಲಾಪುರದಲ್ಲಿ ಮದುವೆ ವಿಡಿಯೊ ತೆಗೆಯುವ ಪರಿಚಯದ ಅಣ್ಣನೊಬ್ಬರ ಹತ್ತಿರ ಅದನ್ನು ಒಯ್ದೆವು. ಅವರು ಬೆರಳಿನಿಂದ ಒಮ್ಮೆ ತಟ್ಟಿ ನೋಡಿ ನಕ್ಕುಬಿಟ್ಟರು.

‘ತಮ್ಮಾ, ಇದು ಸ್ಟುಡಿಯೋದಾಗಿನ ದಪ್ಪ ಮೈಕಿನ ಮೌಂಟ್. ಅವು ಅರ್ಧ ಕಿಲೋ ಆಸುಪಾಸು ಇರ್ತಾವ. ನಿಮ್ಮ ಮೈಕ್ ಹಗುರ ಐತಿ. ಆನೆ ಕಟ್ಟೋ ಸರಪಳಿಗೆ ಕುರಿಮರಿ ಕಟ್ಟೀರಿ, ಅದು ಹೆಂಗ ಜಗ್ತೈತಿ ಹೇಳ್ರಿ?’

ಗಟ್ಟಿಯಾದ ಮೌಂಟೇ ಒಳ್ಳೆಯ ಮೌಂಟು ಎಂದುಕೊಂಡಿದ್ದು ನಮ್ಮ ತಪ್ಪು. ಮೈಕಿನ ಭಾರಕ್ಕೆ ತಕ್ಕಷ್ಟು ಮೆತ್ತಗಿರುವುದೇ ಒಳ್ಳೆಯದು. ಹಾಗಂತ ತೀರಾ ಮೆತ್ತಗಾದರೂ ಕಷ್ಟ. ಕೋಲನ್ನು ಬೇಗ ತಿರುಗಿಸಿದಾಗ ಮೈಕ್ ಜೋತುಬಿದ್ದು ಚೌಕಟ್ಟಿಗೆ ಬಡಿಯುತ್ತದೆ. ಬಡಿದರೆ ಆ ಟಪ್ ಸದ್ದು ಗುಡುಗುಡುವಿಗಿಂತ ಕೆಟ್ಟದ್ದು.

ಯಾವ ದಿಕ್ಕಿಗೆ ಮೆತ್ತಗಿರಬೇಕು?

ಅಣ್ಣ ಹೇಳಿದ ಎರಡನೇ ಮಾತು ಇನ್ನೂ ಮುಖ್ಯ. ಮೈಕಿನ ಪರದೆ ಮೂತಿಗೆ ಎದುರಾಗಿ ಇರುತ್ತದೆ. ಆದ್ದರಿಂದ ಮೈಕ್ ಹಿಂದೆ ಮುಂದೆ ಅಲುಗಿದಾಗ ಹೆಚ್ಚು ಸದ್ದು, ಅಡ್ಡಡ್ಡ ಅಲುಗಿದಾಗ ಕಡಿಮೆ. ಮೌಂಟು ಹಿಂದೆ ಮುಂದೆ ಸಲೀಸಾಗಿ ತೂಗಬೇಕು, ಪಕ್ಕಕ್ಕೆ ಮತ್ತು ಮೇಲೆ ಕೆಳಗೆ ಸ್ವಲ್ಪ ಬಿಗಿ ಇದ್ದರೆ ಮೈಕ್ ಅಂಕೆಯಲ್ಲಿರುತ್ತದೆ.

ಇದನ್ನು ಅಂಗಡಿಯಲ್ಲೇ ನೋಡಬಹುದು. ಮೈಕನ್ನು ಮೌಂಟಿನಲ್ಲಿ ಕೂರಿಸಿ, ಮೂತಿ ನೆಲದ ಕಡೆ ಬರುವಂತೆ ಹಿಡಿಯಿರಿ. ಮೈಕ್ ತನ್ನ ಉದ್ದಕ್ಕೆ ಎಷ್ಟು ಜಗ್ಗಿತು ನೋಡಿ. ಮೇಲಿನ ಲೆಕ್ಕ ಇಲ್ಲಿಗೂ ಅನ್ವಯ. ಕೆಲವು ಮಿಲಿಮೀಟರ್ ಜಗ್ಗಿ, ತಟ್ಟಿದರೆ ನಿಧಾನಕ್ಕೆ ತೂಗಿ ನಿಂತರೆ ಸರಿ. ಕದಲದಿದ್ದರೆ ಬೇಡ.

ಬ್ರಿಟನ್ನಿನ ರೈಕೋಟ್ ಕಂಪನಿಯ ‘ಲೈರ್’ ಎಂಬ ಮಾದರಿ ಹೆಸರಾಗಿರುವುದು ಇದೇ ಕಾರಣಕ್ಕೆ. ಅದರಲ್ಲಿ ರಬ್ಬರ್ ದಾರವಿಲ್ಲ. ಬಳುಕುವ ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಬಾಗಿದ ತುಂಡುಗಳು ಮೈಕನ್ನು ಹಿಂದೊಂದು ಮುಂದೊಂದು ಕಡೆ ಹಿಡಿಯುತ್ತವೆ. ಹಿಂದೆ ಮುಂದೆ ಚೆನ್ನಾಗಿ ಬಳುಕುತ್ತದೆ, ಅಡ್ಡಕ್ಕೆ ಅಷ್ಟಾಗಿ ಇಲ್ಲ. ಮೈಕಿನ ಭಾರ ನೋಡಿ ಬೇರೆ ಬೇರೆ ಗಡಸಿನ ತುಂಡುಗಳು ಸಿಗುತ್ತವೆ. ಬೆಲೆ ಮಾತ್ರ ಸಾವಿರಗಳಲ್ಲಿ.

ರಬ್ಬರ್ ದಾರದ್ದು ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ನಮ್ಮ ಸೊಲ್ಲಾಪುರ ಸೀಮೆಯ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ರಬ್ಬರು ಜೋಲುತ್ತದೆ, ಒಣಗಿ ಬಿರಿಯುತ್ತದೆ, ನಡುವೆಯೇ ಹರಿಯಲೂಬಹುದು. ಜೇಬಿನಲ್ಲಿ ಒಂದು ಜೋಡಿ ಬಿಡಿ ರಬ್ಬರ್ ಇರಲೇಬೇಕು.

ತುರುಬಿನ ರಬ್ಬರ್ ನೆರವಿಗೆ

ಮತ್ತೆ ಹಣ ಕೂಡಿಸುವವರೆಗೆ ಕಾಯಲು ಹುಡುಗರಿಗೆ ಮನಸ್ಸಿರಲಿಲ್ಲ. ಹೊಲದ ಪೈಪ್‌ಲೈನಿನಲ್ಲಿ ಉಳಿದಿದ್ದ ಮೂರು ಇಂಚಿನ ಪಿವಿಸಿ ಪೈಪಿನಿಂದ ಬಳೆಯಂತೆ ಎರಡು ತೆಳು ತುಂಡು ಕತ್ತರಿಸಿದರು. ಎರಡನ್ನೂ ಒಂದು ಅಲ್ಯುಮಿನಿಯಂ ಪಟ್ಟಿಗೆ ಜೋಡಿಸಿದರು. ಬಳೆಗಳಿಗೆ ಗೀರು ಹಾಕಿ, ಅಕ್ಕತಂಗಿಯರು ತುರುಬಿಗೆ ಕಟ್ಟುವ ರಬ್ಬರುಗಳನ್ನು ಅಡ್ಡಡ್ಡ ಬಿಗಿದು ನಡುವೆ ಮೈಕನ್ನು ತೂರಿಸಿದರು. ಒಂದೆರಡು ಸಲ ರಬ್ಬರು ಬದಲಿಸಿದ ಮೇಲೆ ಮೈಕ್ 4 ಮಿಲಿಮೀಟರಿನಷ್ಟು ಜಗ್ಗಿ ನಿಂತಿತು. 650 ರೂಪಾಯಿಯ ಮೌಂಟಿಗಿಂತ ಇದು ಎಷ್ಟೋ ಪಾಲು ಮೇಲಾಯಿತು!

ಒಂದು ಎಚ್ಚರ ಮಾತ್ರ ತೆಗೆದುಕೊಳ್ಳಬೇಕಾಯಿತು. ಉದ್ದ ಮೈಕಿನ ಪಕ್ಕದಲ್ಲಿ ಸಾಲಾಗಿ ಸೀಳುಗಳಿರುತ್ತವೆ. ಪಕ್ಕದ ಸದ್ದನ್ನು ಕಡಿಮೆ ಮಾಡುವ ಕೆಲಸ ಅವುಗಳದ್ದು. ಕ್ಲಿಪ್ಪಾಗಲಿ, ಫೋಮಾಗಲಿ, ಟೇಪಾಗಲಿ ಅವನ್ನು ಮುಚ್ಚಬಾರದು. ಮೈಕನ್ನು ಸೀಳುಗಳ ಹಿಂದಿನ ಭಾಗದಲ್ಲೇ ಹಿಡಿಯಬೇಕು.

ಆದರೂ ಸಣ್ಣಗೆ ಗುಡುಗುಡು ಉಳಿದಿತ್ತು. ಕಳ್ಳ ಸಿಕ್ಕಿದ್ದು ಕೇಬಲ್ಲಿನಲ್ಲಿ. ಮೈಕಿನ ಹಿಂದಿನಿಂದ ಬಂದ ದಪ್ಪ ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಿದ್ದೆವು. ಮೈಕನ್ನು ರಬ್ಬರಿನಲ್ಲಿ ತೂಗಿಸಿ, ಕೇಬಲ್ಲಿನಿಂದ ಮತ್ತೆ ಕೋಲಿಗೇ ಕಟ್ಟಿದಂತಾಗಿತ್ತು. ನಡುಕಕ್ಕೆ ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ತೆಳುವಾದ, ಮೆತ್ತನೆಯ ಒಂದು ಗಿಡ್ಡ ಕೇಬಲ್ ಹಾಕಿ, ಮೈಕಿನ ಹಿಂದೆ ಸಡಿಲವಾದ ಒಂದು ಸುತ್ತು ಬಿಟ್ಟು ಆಮೇಲೆ ಕೋಲಿಗೆ ಕಟ್ಟಿದ ಮೇಲೆ ಸದ್ದು ಇಳಿಯಿತು. ದುಬಾರಿ ಮೌಂಟು ಹಾಕಿದರೂ ಈ ಒಂದು ಸುತ್ತು ಇಲ್ಲದಿದ್ದರೆ ಹಣ ನೀರಿಗೆ ಹೋಮ.

ಕೋಲು ಹಿಡಿದವನಿಗೂ ಪಾಠ ಇತ್ತು. ಕೈಗಡಿಯಾರ, ಉಂಗುರ, ಕಡಗ ಬಿಚ್ಚಿಟ್ಟೆ. ಕೋಲಿನ ಕೀಲುಗಳನ್ನೆಲ್ಲ ಬಿಗಿ ಮಾಡಿದೆ. ಮುಷ್ಟಿ ಬಿಗಿಯದೆ ಹಗುರವಾಗಿ ಹಿಡಿದು, ಜಾಗ ಬದಲಿಸಬೇಕಾದರೆ ಪದ ಮುಗಿಯುವವರೆಗೆ ಕಾಯುವುದನ್ನು ಕಲಿತೆ. ಮೌಂಟು ಅರ್ಧ ಕೆಲಸ ಮಾಡಿದರೆ ಕೈ ಉಳಿದರ್ಧ ಮಾಡಬೇಕು.

ಆಮೇಲೆ ಅಳಿಸಲು ಬರುವುದಿಲ್ಲವೇ?

ಕಂಪ್ಯೂಟರಿನಲ್ಲಿ ಗುಡುಗುಡು ತೆಗೆದರಾಯಿತು ಎನ್ನುವವರಿದ್ದಾರೆ. ಸ್ವಲ್ಪ ಮಟ್ಟಿಗೆ ನಿಜ. ಮೈಕಿನ ಮೇಲೆಯೇ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಕಡಿಮೆ ಮಾಡುವ ಗುಂಡಿಯೂ ಇದೆ. ಹೆಂಗಸರ ದನಿ ಇದಕ್ಕಿಂತ ಮೇಲೆಯೇ ಇರುವುದರಿಂದ ಪದಕ್ಕೆ ಅಷ್ಟು ಪೆಟ್ಟಿಲ್ಲ. ಆದರೆ ಬೀಸುಕಲ್ಲಿನ ಗುರ್ ಎಂಬ ತಳದ ಸದ್ದು ಅದರ ಜೊತೆ ಹೋಗುತ್ತದೆ. ಕಲ್ಲಿನ ಸದ್ದಿಲ್ಲದ ಬೀಸುವ ಪದ ಉಪ್ಪಿಲ್ಲದ ಅಡುಗೆ. ಇನ್ನು ಉಗುರು ತಾಗಿದ ಟಕ್ ಸದ್ದು ಮಾತಿನ ಮೇಲೆಯೇ ಬಿದ್ದರೆ ಮಾತು ಕೆಡಿಸದೆ ಅದನ್ನು ತೆಗೆಯುವುದು ಸುಲಭವಲ್ಲ. ಗುಡುಗುಡು ಜೋರಾಗಿ ಬಂದು ರೆಕಾರ್ಡರಿನ ಮಿತಿ ದಾಟಿದರಂತೂ ಅಲ್ಲಿಯ ದನಿ ಹೋದ ಹಾಗೆಯೇ.

ಗಾಳಿಗೂ ಶಾಕ್ ಮೌಂಟಿಗೂ ಸಂಬಂಧವಿಲ್ಲ ಎಂಬುದನ್ನೂ ತಿಳಿದಿರಬೇಕು. ದೀಪಾವಳಿಗೆ ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ಹೋಗಿ ಡೊಳ್ಳಿನ ಪದ ಮುದ್ರಿಸುವ ಆಸೆ ಹುಡುಗರಿಗಿದೆ. ಬಯಲಿನಲ್ಲಿ ಮೈಕಿಗೆ ಕೂದಲಿನ ಹೊದಿಕೆ ಬೇಕೇಬೇಕು. ಆ ಹೊದಿಕೆಯನ್ನು ಮೈಕಿಗೇ ತೊಡಿಸಿದರೆ ಅದರ ಭಾರವೂ ರಬ್ಬರಿನ ಮೇಲೆ ಬೀಳುತ್ತದೆ, ಮೂತಿ ಕೆಳಗೆ ವಾಲುತ್ತದೆ. ಹೊದಿಕೆ ತೊಡಿಸಿದ ಮೇಲೆ ಇನ್ನೊಮ್ಮೆ ಜಗ್ಗು ನೋಡಿ ಸರಿಮಾಡಿಕೊಳ್ಳಬೇಕು.

ಕೊಳ್ಳುವ ಮುನ್ನ ನೆನಪಿರಲಿ

* ಮೈಕಿನ ತೂಕ ಮತ್ತು ದಪ್ಪ ಬರೆದುಕೊಂಡು ಹೋಗಿ. ಸಾಧ್ಯವಾದರೆ ಮೈಕನ್ನೇ ಒಯ್ಯಿರಿ. 22 ಮಿಲಿಮೀಟರಿನದಕ್ಕೆ ಸರಿಹೊಂದುವುದು 19 ಮಿಲಿಮೀಟರಿನದಕ್ಕೆ ಸಡಿಲವಾಗಬಹುದು.

* ಮೂತಿ ಕೆಳಗೆ ಮಾಡಿ ಜಗ್ಗು ನೋಡಿ. ಬೇಗ ಅತ್ತಿತ್ತ ತಿರುಗಿಸಿ ಮೈಕ್ ಚೌಕಟ್ಟಿಗೆ ಬಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

* ಕೋಲಿನ ತುದಿಯ ತಿರುಪು ಎಂಟನೇ ಮೂರು ಇಂಚಿನದೋ, ಎಂಟನೇ ಐದು ಇಂಚಿನದೋ ಕೇಳಿ. ಎರಡೂ ಬಳಕೆಯಲ್ಲಿವೆ. ಬದಲಿಸುವ ಸಣ್ಣ ಬಿರಡೆ ಅಗ್ಗಕ್ಕೆ ಸಿಗುತ್ತದೆ.

* ಬಿಡಿ ರಬ್ಬರ್ ಸಿಗುತ್ತದೆಯೇ ವಿಚಾರಿಸಿ.

* ಹಾಡು ಶುರುವಾಗುವ ಮೊದಲು ಹೆಡ್‌ಫೋನ್ ಹಾಕಿ ಕೋಲನ್ನು ಬೇಕೆಂದೇ ಉಜ್ಜಿ, ಅಲುಗಿಸಿ ಕೇಳಿ. ರಾತ್ರಿ ಮನೆಗೆ ಬಂದ ಮೇಲೆ ಕೇಳುವುದಲ್ಲ.

ಎರಡನೇ ಸಲ

ತಿಂಗಳ ನಂತರ ಹುಡುಗರು ಮತ್ತೆ ಆಯಿಯ ಮನೆಗೆ ಹೋದರು. ಮೊದಲಿನ ಮುದ್ರಣವನ್ನು ಅವರಿಗೂ ಕೇಳಿಸಿದ್ದೆವು. ‘ನಾ ಹಾಡಾಕತ್ತಿದ್ರ ಹಿಂದಿಂದ ಯಾರೋ ಚಕ್ಕಡಿ ಹೊಡಕೊಂಡು ಹೋದಂಗ ಕೇಳ್ತೈತಲ್ಲೋ’ ಎಂದಿದ್ದರು. ಈ ಸಲ ತುರುಬಿನ ರಬ್ಬರು ಕಟ್ಟಿದ ಮೈಕ್ ನೋಡಿ, ‘ಇದಕ್ಕೂ ಜಡಿ ಹಾಕೀರೇನು?’ ಎಂದು ನಕ್ಕು ಕಲ್ಲಿನ ಗೂಟ ಹಿಡಿದರು.

ಪದ ಸ್ವಚ್ಛವಾಗಿ ಬಂತು. ಕಲ್ಲಿನ ಗುರ್, ಬಳೆಯ ಸದ್ದು, ಸಾಲಿನ ಕೊನೆಗೆ ಆಯಿ ಎಳೆಯುವ ಉಸಿರು ಎಲ್ಲ ಕೇಳುತ್ತವೆ. ಕೋಲು ಇದೆ ಎಂದೇ ಗೊತ್ತಾಗುವುದಿಲ್ಲ.

ಆದರೆ ಹಾಡಿದ್ದು ಹನ್ನೆರಡು. ಮೊದಲ ದಿನ ಹಾಡಿದ್ದ ಹದಿನಾಲ್ಕರಲ್ಲಿ ಎರಡು ಪದ ಎಷ್ಟು ಯೋಚಿಸಿದರೂ ಅವರಿಗೆ ನೆನಪಿಗೆ ಬರಲಿಲ್ಲ. ಹಳೆಯ ಮುದ್ರಣ ಕೇಳಿಸಿ ನೆನಪು ಮಾಡಿಸಲು ನೋಡಿದೆವು. ಮುಖ್ಯವಾದ ಸಾಲುಗಳ ಮೇಲೆಯೇ ಗುಡುಗುಡು ಕೂತಿತ್ತು. ‘ಹೋಗ್ಲಿ ಬಿಡ್ರಿ, ಒಂದಿನ ನಸುಕಿನ್ಯಾಗ ಎದ್ದಾಗ ತಾನ ಬರ್ತಾವ’ ಎಂದರು ಆಯಿ.

ಹುಡುಗರು ಆ ಎರಡು ಪದಗಳ ಹಳೆಯ ಮುದ್ರಣವನ್ನು ಅಳಿಸಿಲ್ಲ. ಕೇಳಿದಷ್ಟು ಮಾತನ್ನು ಕಾಗದದ ಮೇಲೆ ಇಳಿಸುತ್ತಿದ್ದಾರೆ. ಆಯಿಯ ಸೊಸೆಗೂ ಹೇಳಿಟ್ಟಿದ್ದಾರೆ: ‘ವೈನಿ, ಆಯಿ ಆ ಪದ ಅಂದ್ರ ಫೋನ್ ಮಾಡ್ರಿ. ನಸುಕಿನ್ಯಾಗ ಆದ್ರೂ ಬರ್ತೀವಿ.’ ಮೈಕ್ ಮೌಂಟಿನಲ್ಲೇ ಕೂತಿದೆ, ಸೆಲ್ ಹೊಸದು ಹಾಕಿದೆ.